ಬೆಟ್ಟಾ ಮೀನಿನ ಸ್ವಭಾವವೂ ವಾಸಸ್ಥಳವೂ

ಡಾಬಕಾದ ವಾಚಕರೊಬ್ಬರು, ಮೊಮ್ಮಗನು ತಂದಿರುವ ಬೆಟ್ಟಾ ಮೀನಿಗೂ ಸ್ವಭಾವವೆಂಬುದುಂಟೇ, ಅದಕ್ಕೆ ಗಾಜಿನ ಲೋಟವು ಸಾಲದೇ ಎಂದು ಕೇಳಿರುವರು. ನಮ್ಮ ಬೆಟ್ಟಕ್ಕೂ ಈ ಬೆಟ್ಟಾಕ್ಕೂ ನಂಟಿಲ್ಲ. ಇದು ಥಾಯ್ಲೆಂಡಿನ ಗದ್ದೆ ಜೌಗುಗಳ ಕಾಳಗದ ಮೀನು.

ಪಂಚತಂತ್ರಕಾರನು ಒಂದೇ ಕೊಳದ ಮೂರು ಮೀನುಗಳಿಗೆ ಅನಾಗತವಿಧಾತಾ, ಪ್ರತ್ಯುತ್ಪನ್ನಮತಿ, ಯದ್ಭವಿಷ್ಯ ಎಂದು ಹೆಸರಿಟ್ಟು ಮೂರು ಬಗೆಯ ಬುದ್ಧಿಯನ್ನು ಕೊಟ್ಟನು. ಅದು ಕಥೆಯಾಯಿತು. ಆದರೆ ಬೆಟ್ಟಾಗಳಲ್ಲಿಯೂ ಒಂದು ಎದೆಗಾರ, ಇನ್ನೊಂದು ಪುಕ್ಕಲು. ಮರಳಿ ಪರೀಕ್ಷಿಸಿದರೂ ಆ ಗುಣವು ಬಹುಮಟ್ಟಿಗೆ ನಿಲ್ಲುವುದೆಂದು ಪ್ರಾಣಿಶಾಸ್ತ್ರಜ್ಞರು ಕಂಡಿರುವರು. ಗಂಡುಮೀನು ನೊರೆಯ ಗೂಡು ಕಟ್ಟಿ ತಾನೇ ಮೊಟ್ಟೆಗಳನ್ನು ಕಾಯುವುದು. ಇಂಥ ಜೀವಕ್ಕೆ ಲೋಟದಲ್ಲಿ ತಿರುಗಲಿಕ್ಕೂ ಎಡೆಯಿಲ್ಲ.

ಅದು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲುದಾದ್ದರಿಂದ ಅಂಗಡಿಯವರು ಲೋಟವೇ ಸಾಕೆನ್ನುವರು. ಉಸಿರಿಗೆ ಸಾಕು, ನಿಜ. ಅದರ ಮಲದಿಂದೇಳುವ ಅಮೋನಿಯಾ ವಿಷಕ್ಕೇನು ಮಾಡುವುದು? ಅಲ್ಪಜಲದಲ್ಲಿ ಅದು ಬೇಗನೆ ಏರುವುದು. ಮೇಲಾಗಿ ಈ ಮೀನಿಗೆ 24ರಿಂದ 28 ಡಿಗ್ರಿಯ ಬೆಚ್ಚನೆಯ ನೀರು ಬೇಕು. ಬೀದರ ಸೀಮೆಯ ಮಾಗಿಯಿರುಳಲ್ಲಿ ಲೋಟದ ನೀರು ಬಹು ಬೇಗ ತಣ್ಣಗಾಗುವುದು.

20 ಲೀಟರಿನ ತೊಟ್ಟಿಯಾದರೂ ಇರಲಿ, ಚಳಿಗಾಲಕ್ಕೊಂದು ಹೀಟರೂ ಇರಲಿ. ನೀರು ದುಂದಾಗದು: ವಾರಕ್ಕೊಮ್ಮೆ ಕಾಲುಭಾಗ ಬದಲಿಸಿ, ತೆಗೆದುದನ್ನು ಗಿಡಗಳಿಗೆ ಹೊಯ್ಯಬಹುದು. ಒಂದು ತೊಟ್ಟಿಗೆ ಒಂದೇ ಗಂಡುಮೀನು. ಎರಡನ್ನು ಬಿಟ್ಟರೆ ಕಾಳಗ ತಪ್ಪದು.