ಸೀತನಿಯ ಕೆಂಡವೂ ಮಾಳಿಗೆಯ ಒಲೆಯೂ

ಕಳೆದ ಚಳಿಗಾಲದಲ್ಲಿ ನನ್ನ ಅಣ್ಣನ ಮಗ ರಜೆಗೆಂದು ತುಬಚಿಗೆ ಬಂದವನು ಬೆಂಗಳೂರಿನಿಂದ ಒಂದು ಕಬ್ಬಿಣದ ಒಲೆಯನ್ನು ಹೊತ್ತು ತಂದಿದ್ದ. ಮೂರು ಕಾಲು, ದುಂಡನೆಯ ಹೊಟ್ಟೆ, ಅದರ ಮೇಲೆ ಸರಳುಗಳ ಜಾಳಿಗೆ, ಅದಕ್ಕೊಂದು ಮುಚ್ಚಳ. ಜೊತೆಗೆ ಕಾಗದದ ಚೀಲದಲ್ಲಿ ಇದ್ದಿಲು. ಇದ್ದಿಲನ್ನು ರೊಕ್ಕ ಕೊಟ್ಟು ಕೊಂಡು, ಅದಕ್ಕೆ ಬಸ್ಸಿನಲ್ಲಿ ಜಾಗ ಮಾಡಿಕೊಂಡು ಹಳ್ಳಿಗೆ ತರುವ ಕಾಲ ಬಂತಲ್ಲ ಎಂದು ನಮ್ಮ ವೈನಿ ನಕ್ಕರು. ಸಂಜೆ ಮಾಳಿಗೆಯ ಮೇಲೆ ಅವನ ಗೆಳೆಯರು ಕೂಡಿದರು. ಕೋಳಿ, ಪನೀರು, ದೊಣ್ಣಮೆಣಸಿನಕಾಯಿ ಎಲ್ಲ ಸುಟ್ಟವು. ನಾನೂ ತಿಂದೆ, ರುಚಿಯಾಗಿಯೇ ಇತ್ತು. ನನ್ನನ್ನು ಕೆಣಕಿದ್ದು ಒಲೆಯಲ್ಲ, ಅವನಾಡಿದ ಒಂದು ಮಾತು.

"ಕಾಕಾ, ನಮ್ಮ ಮಂದಿಗೆ ಹಿಂಗ ಬೆಂಕಿ ಸುತ್ತ ಕುಂತು, ಸುಟ್ಕೋತ ಮಾತಾಡ್ಕೋತ ತಿನ್ನೂದು ಗೊತ್ತ ಇಲ್ಲ. ನಮ್ಮದೇನಿದ್ರೂ ಪಂಕ್ತಿ ಊಟ, ಬಡಿಸೋರು ಅಡಗಿಮನಿಯೊಳಗ."

ಇಂಥ ಮಾತನ್ನು ಅವನೊಬ್ಬನೇ ಆಡುತ್ತಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನನ್ನ ಸಹೋದ್ಯೋಗಿ ಮಿತ್ರರೂ ಇದನ್ನೇ ಆಡುತ್ತಾರೆ. ಬಾರ್ಬೆಕ್ಯೂ ಒಂದು ಹೊಸ ಸಂಸ್ಕೃತಿಯಂತೆ. ಗಂಡಸು ಕೈಯಾರೆ ಅಡುಗೆ ಮಾಡುವುದು, ಅತಿಥಿಯ ಎದುರಿಗೇ ಪಾಕವಾಗುವುದು, ನೆಲದ ಮೇಲೆ ಎಲ್ಲರೂ ಸಮನಾಗಿ ಕೂಡುವುದು, ಇವೆಲ್ಲ ನಮಗೆ ಹೊರಗಿನಿಂದ ಬರಬೇಕಾದ ಗುಣಗಳಂತೆ. ಈ ಮಾತಿಗೆ ನನ್ನ ತಕರಾರಿದೆ.

ಮೊದಲು ಆ ಪದವನ್ನೇ ನೋಡೋಣ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಮೀನು ಮಾಂಸಗಳನ್ನು ಸುಡಲು ಕಟ್ಟುತ್ತಿದ್ದ ಕೋಲುಗಳ ಅಟ್ಟಣಿಗೆಯ ಹೆಸರು ಸ್ಪೇನಿನವರ ಬಾಯಲ್ಲಿ ಬಾರ್ಬಕೋವಾ ಆಗಿ ಜಗತ್ತಿಗೆ ಹಬ್ಬಿತು. ಎಂದರೆ ಅದು ಮೂಲದಲ್ಲಿ ಕಾಡಿನವರ, ಬಡವರ ಒಲೆ. ಮುಚ್ಚಳದ ದುಂಡನೆಯ ಒಲೆ ಹುಟ್ಟಿದ್ದು 1952ರಲ್ಲಿ, ಅಮೆರಿಕೆಯಲ್ಲಿ. ನೀರಿನ ಮೇಲೆ ತೇಲಿಬಿಡುವ ಲೋಹದ ಬೋಯಾಗಳನ್ನು ಮಾಡುತ್ತಿದ್ದ ಕಾರ್ಖಾನೆಯ ಜಾರ್ಜ್ ಸ್ಟೀಫನ್ ಎಂಬಾತ ಅಂಥದೊಂದನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ್ದು. ಇನ್ನು ಅಚ್ಚುಕಟ್ಟಾದ ಇದ್ದಿಲು ಬಿಲ್ಲೆಗಳನ್ನು ಮನೆಮನೆಗೆ ಮುಟ್ಟಿಸಿದವನು ಮೋಟಾರು ತಯಾರಿಸುತ್ತಿದ್ದ ಹೆನ್ರಿ ಫೋರ್ಡ್. 1920ರ ದಶಕದಲ್ಲಿ ಕಾರಿನ ಕಟ್ಟಿಗೆ ಕೆಲಸದಲ್ಲಿ ಮಿಕ್ಕ ಚೂರುಗಳನ್ನು ಅವನು ರೊಕ್ಕವಾಗಿಸಿದ. ಇದರಲ್ಲಿ ನಿಂದಿಸುವಂಥದೇನೂ ಇಲ್ಲ. ಆದರೆ ಇದನ್ನು ಸಂಸ್ಕೃತಿಯೆಂದು ಕರೆದು, ನಮ್ಮ ಬಳಿ ಇದ್ದುದನ್ನು ಇಲ್ಲವೆನ್ನುವುದು ಸರಿಯೇ?

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ, ಮಾಂಸವನ್ನು ಕೋಲಿಗೆ ಸಿಕ್ಕಿಸಿ ಕೆಂಡದ ಮೇಲೆ ಸುಡುವ ಕ್ರಮ ಬಂದಿದೆ. ಆದರೆ ಅರಸನ ಅಡುಗೆಮನೆಯನ್ನು ಸಾಕ್ಷಿಗೆ ಕರೆಯುವುದು ನನಗೆ ಅಷ್ಟಾಗಿ ಇಷ್ಟವಿಲ್ಲ. ಅರಸರು ಏನನ್ನು ತಾನೇ ತಿನ್ನಲಿಲ್ಲ! ನನ್ನ ಸಾಕ್ಷಿ ನಮ್ಮ ಹೊಲದಲ್ಲಿದೆ. ಅಲ್ಲ, ಇತ್ತು.

ಎಳ್ಳ ಅಮಾವಾಸ್ಯೆಯ ಚರಗ ಮುಗಿದು ಸಂಕ್ರಮಣ ಬರುವ ನಡುವಿನ ದಿನಗಳು. ಹಿಂಗಾರಿ ಜೋಳದ ತೆನೆಯಲ್ಲಿ ಹಾಲು ಗಟ್ಟಿಯಾಗತೊಡಗಿದೆ. ಕಾಳು ಇನ್ನೂ ಹಸುರು. ಈ ಹದ ಇರುವುದು ಕೆಲವೇ ದಿನ; ಆಮೇಲೆ ಕಾಳಿನೊಳಗಿನ ಸಿಹಿ ಹಿಟ್ಟಾಗಿಬಿಡುತ್ತದೆ. ಹೊಲದ ನಡುವೆ ಮೊಳದುದ್ದದ ಕುಣಿ ತೋಡಿ ಕುಳ್ಳು ಒಟ್ಟಿ ಉರಿ ಹಚ್ಚುವುದು. ಉರಿಯಡಗಿ ಕೆಂಡವಾದ ಮೇಲೆ ದಂಟು ಹೊರಗೆ, ತೆನೆ ಒಳಗೆ ಬರುವಂತೆ ಹುಗಿದು ಬಿಸಿ ಬೂದಿ ಮುಚ್ಚುವುದು. ಎರಡು ಮಾತು ಮುಗಿಯುವಷ್ಟರಲ್ಲಿ ತೆನೆ ಬೆಂದಿರುತ್ತದೆ. ಸುಡುಸುಡುವ ತೆನೆಯನ್ನು ಅಂಗೈಗಳ ನಡುವೆ ತಿಕ್ಕಬೇಕು, ಊದಬೇಕು, ಬೊಗಸೆಯಲ್ಲಿ ಉಳಿದದ್ದನ್ನು ಪಕ್ಕದವನ ಕೈಗೆ ಸುರಿಯಬೇಕು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೆಲ್ಲ, ಗಟ್ಟಿ ಮೊಸರು. ಅದೇ ಬೂದಿಯಲ್ಲಿ ಒಂದೆರಡು ಬದನೆಕಾಯಿ. ಇದಕ್ಕೆಂದೇ ಸಕ್ಕರಿ ಮುಕ್ಕರಿ ಎಂಬ ಜೋಳವನ್ನು ನಾಲ್ಕು ಸಾಲು ಬೇರೆ ಬಿತ್ತುವವರಿದ್ದರು. ಸೀತನಿ ಎಂಬ ಹೆಸರಿನ ಸೀ ಸಿಹಿಯದೋ, ಸೀದುಹೋಗುವುದರ ಸೀಯೋ ಎಂದು ತರಗತಿಯಲ್ಲಿ ನಾನು ಕೇಳುವುದುಂಟು. ಸಿಹಿತೆನೆ ಎಂಬುದೇ ಒಪ್ಪಿತವಾದ ಉತ್ತರ. ತಿಂದವರು ಎರಡನ್ನೂ ಒಪ್ಪುತ್ತಾರೆ. ಆದರೆ ಉತ್ತರ ಹೇಳಬೇಕಾದ ಹುಡುಗರಲ್ಲಿ ತಿಂದವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಈಗ ಆ ಮಿತ್ರರ ಗುಣಗಳ ಪಟ್ಟಿಯನ್ನು ಇದಕ್ಕೆ ಹಚ್ಚಿ ನೋಡಿ. ಸುಡುವವನು ಗಂಡಸು, ಹೆಂಗಸರಿಗೆ ಅಂದು ರೊಟ್ಟಿಯ ಒಲೆಯಿಂದ ಬಿಡುವು. ಅತಿಥಿಯ ಎದುರಿಗಲ್ಲ, ಅತಿಥಿಯ ಅಂಗೈಯಲ್ಲೇ ಪಾಕ. ಮೇಲಾಗಿ ಆಮಂತ್ರಣವೆಂಬುದೇ ಇರಲಿಲ್ಲ. ಹೊಗೆ ಕಂಡರೆ ದಾರಿಹೋಕನೂ ನಿಲ್ಲುತ್ತಿದ್ದ. "ಬರ್ರೀ, ಸೀತನಿ ತಿಂದು ಹೋಗ್ರಿ" ಎನ್ನದೆ ಅವನನ್ನು ದಾಟಗೊಡುವುದು ಒಕ್ಕಲಿಗನಿಗೆ ಅವಮಾನ. ಮಾಳಿಗೆಯ ಒಲೆಯ ಹೊಗೆ ಬೀದಿಗೆ ಇಳಿಯುತ್ತದೆ ನಿಜ, ಬೀದಿಯವರು ಮೇಲೆ ಬರುವುದಿಲ್ಲ.

ಇಲ್ಲಿ ನಾನೊಂದು ಸತ್ಯವನ್ನು ಮುಚ್ಚಿಟ್ಟರೆ ಓದುಗರಿಗೆ ಮೋಸ ಮಾಡಿದಂತೆ. ನನ್ನ ಬಾಲ್ಯದಲ್ಲಿ ನಮ್ಮ ಹೊಲದಲ್ಲಿ ಕುಣಿಗಳು ಎರಡಿರುತ್ತಿದ್ದವು. ಒಂದರ ಸುತ್ತ ನಾವು, ನಮ್ಮ ಬೀಗರು, ಊರ ಹಿರಿಯರು. ಇಪ್ಪತ್ತು ಮೊಳ ದೂರದ ಇನ್ನೊಂದರ ಸುತ್ತ ಆ ಜೋಳವನ್ನು ಬಿತ್ತಿ, ಕಳೆ ತೆಗೆದವರು. ತೆನೆ ಒಂದೇ ಸಾಲಿನದು, ಕುಳ್ಳು ಒಂದೇ ಕೊಟ್ಟಿಗೆಯದು. ನನ್ನ ವಾರಿಗೆಯ ಗೆಳೆಯನೊಬ್ಬ ಆಚೆ ಕುಣಿಯ ಬಳಿ ಕೂಡುತ್ತಿದ್ದ. ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಕೂಡುತ್ತಿದ್ದ ನಾವು ಹೊಲದಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರೂ ಸಮನಾಗಿ ಕೂಡುವ ಗುಣ ನಮ್ಮಲ್ಲಿ ಇತ್ತೆಂದು ನಾನು ವಾದಿಸಲಾರೆ. ಅಣ್ಣನ ಮಗನ ಮಾಳಿಗೆಯ ಮೇಲೆ ಯಾರು ಯಾವ ಕೇರಿಯವರೆಂದು ಯಾರೂ ಕೇಳಲಿಲ್ಲ. ಅಷ್ಟರ ಮಟ್ಟಿಗೆ ಆ ಕಬ್ಬಿಣದ ಒಲೆಗೆ ನಾನು ಸೋತಿದ್ದೇನೆ.

ಆದರೆ ಸೀತನಿ ಸತ್ತದ್ದು ಈ ದೋಷದಿಂದಲ್ಲ. ಅದು ಸತ್ತದ್ದು ಕಬ್ಬಿನಿಂದ. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ನಮ್ಮ ಭಾಗದ ರೈತರೇ ರೊಕ್ಕ ಕೂಡಿಸಿ, ಮೈ ಮುರಿದು ದುಡಿದು ಬ್ಯಾರೇಜು ಕಟ್ಟಿದರು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಎದ್ದು ನಿಂತ ಆ ಶ್ರಮಬಿಂದು ಸಾಗರದ ಸುದ್ದಿಯನ್ನು ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಗುರುಗಳ ಬಾಯಿಂದ ಕೇಳಿದ್ದೇನೆ. ಅಂಥ ಕೆಲಸ ನಾಡಿನಲ್ಲಿ ಮತ್ತೊಂದಿರಲಿಕ್ಕಿಲ್ಲ. ನೀರು ನಿಂತಿತು, ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಮುಧೋಳ, ಜಮಖಂಡಿಗಳ ಸುತ್ತ ಕಾರ್ಖಾನೆಗಳೆದ್ದವು. ಈಗ ನಮ್ಮೂರಿನ ಹೆಸರು ಹೊತ್ತ ತುಬಚಿ-ಬಬಲೇಶ್ವರ ಏತ ನೀರಾವರಿ ಕೃಷ್ಣೆಯನ್ನು ವಿಜಯಪುರ ಜಿಲ್ಲೆಯ ಒಣ ಎರೆಗೂ ಏರಿಸುತ್ತಿದೆ. ನೀರಿಗೆ ನಾನು ವೈರಿಯಲ್ಲ. ನನ್ನ ಎಂ.ಎ. ಓದಿನ ಫೀ ಕಬ್ಬಿನ ಬಿಲ್ಲಿನಿಂದಲೇ ಕಟ್ಟಿದ್ದು. ಆದರೆ ಕಬ್ಬು ಹೊಲವನ್ನಷ್ಟೇ ಹಿಡಿಯಲಿಲ್ಲ. ಜೋಳ ಹೋದಾಗ ಕಣಿಕೆ ಹೋಯಿತು, ಕಣಿಕೆಯ ಜೊತೆ ಎತ್ತು ಹೋದವು, ಎತ್ತಿನ ಜೊತೆ ಕುಳ್ಳು. ಬೆಂಕಿಗೇನೋ ಈಗಲೂ ಕೊರತೆಯಿಲ್ಲ. ಕಬ್ಬು ಕಡಿದ ಮೇಲೆ ರವದಿಗೆ ಇಡುವ ಉರಿ ರಾತ್ರಿಯೆಲ್ಲ ಕಾಣುತ್ತದೆ. ಅದರ ಸುತ್ತ ಯಾರೂ ಕೂಡುವುದಿಲ್ಲ.

ಸತ್ತದ್ದಕ್ಕೆ ಈಗ ತಿಥಿಯೂ ನಡೆಯುತ್ತಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದಾಗ ಊರೂರಿಗೆ ಫಲಕಗಳೆದ್ದವು. ಹಿಡಿ ಜೋಳವೂ ಹೆಚ್ಚು ಬಿತ್ತದೆ ಫಲಕಗಳು ಬಣ್ಣಗೆಟ್ಟವು. ಹುರಡಾ ಎಂಬ ಹೆಸರಿನಲ್ಲಿ ಇದೇ ತಿನಿಸನ್ನು ಮಹಾರಾಷ್ಟ್ರದ ತೋಟಗಳಲ್ಲಿ ತಲೆಗಿಷ್ಟೆಂದು ಹಣ ಪಡೆದು ತಿನ್ನಿಸುತ್ತಾರೆ. ನಮ್ಮಲ್ಲೂ ಸೀತನಿಗೆ ಚೀಟಿ ಹರಿಯುವವರು ಕಾಣಿಸಿಕೊಂಡಿದ್ದಾರೆ. ಬಾಡಿಗೆಯ ಎತ್ತಿನ ಗಾಡಿ, ಬಾಡಿಗೆಯ ಇಳಕಲ್ಲ ಸೀರೆ, ಬೇರೆಲ್ಲಿಂದಲೋ ಟೆಂಪೊದಲ್ಲಿ ಬಂದ ತೆನೆ. ದಾರಿಹೋಕನನ್ನು ಕರೆದು ತಿನ್ನಿಸಿದ್ದನ್ನು ಚೀಟಿ ಕೊಂಡವನಿಗೆ ಮಾರುವುದನ್ನು ಜಾನಪದದ ಉಳಿವು ಎಂದು ಕೊಂಡಾಡುವ ನಮ್ಮ ಅಧ್ಯಾಪಕವರ್ಗದವರಿಗಿಂತ ಆ ಹುಡುಗನೇ ವಾಸಿ. ಅವನ ಒಲೆ ಸುಳ್ಳು ಹೇಳುವುದಿಲ್ಲ.

ಆಗಬೇಕಾದದ್ದು ಸಣ್ಣ ಕೆಲಸ. ಹತ್ತು ಎಕರೆ ಕಬ್ಬಿನವನು ನಾಲ್ಕು ಗುಂಟೆ ಎರೆಯನ್ನು ಹಿಂಗಾರಿ ಜೋಳಕ್ಕೆ ಬಿಡಬೇಕು. ಕಾರ್ಖಾನೆಗೆ ಅದರಿಂದ ನಷ್ಟವಿಲ್ಲ, ಮನೆಗೆ ಸೀತನಿಯೂ ಒಂದಿಷ್ಟು ರೊಟ್ಟಿಯೂ ಉಳಿಯುತ್ತವೆ. ಇದನ್ನು ಅಣ್ಣನ ಮುಂದೆ ಹೇಳಿದೆ. ಪುಸ್ತಕ ಓದಿದವನ ಮಾತಿಗೆ ಒಕ್ಕಲುತನ ಮಾಡುವವನು ಕೊಡುವ ಉತ್ತರವನ್ನೇ ಅವನು ಕೊಟ್ಟ.

"ಸುತ್ತ ಎಲ್ಲಾ ಕಬ್ಬ, ನಡುವ ನಾಕ ಗುಂಟೆ ಜೋಳ. ಹತ್ತೂರ ಹಕ್ಕಿ ಬಂದು ಅದರ ಮ್ಯಾಲ ಕುಂಡ್ರತಾವ. ನೀ ಐತವಾರಕ್ಕೊಮ್ಮೆ ಬರಾಂವ. ಉಳದ ದಿನ ಕವಣಿ ಹಿಡಕೊಂಡು ಯಾರ ನಿಂದರೂದು ತಮ್ಮಾ?"

ಮಾತು ದಿಟ. ಊರೆಲ್ಲ ಜೋಳವಿದ್ದಾಗ ಹಕ್ಕಿಯ ಪಾಲು ಎಲ್ಲರಿಗೂ ಹಂಚಿಹೋಗುತ್ತಿತ್ತು. ಒಬ್ಬನೇ ಬಿತ್ತಿದರೆ ಅಷ್ಟೂ ಅವನೊಬ್ಬನ ಮೇಲೆ ಬೀಳುತ್ತದೆ. ಬ್ಯಾರೇಜಿಗೆ ಕೂಡಿದಂತೆ ಇದಕ್ಕೂ ಕೂಡಬೇಕು. ಬದುವಿಗೆ ಬದು ಹತ್ತಿದ ಆರು ಮನೆಯವರನ್ನು ಮುಂದಿನ ಹಿಂಗಾರಿಗೆ ಒಟ್ಟಿಗೆ ಬಿತ್ತೋಣವೆಂದು ಕೇಳಿದ್ದೇನೆ. ಅವರಲ್ಲಿ ಒಬ್ಬ ಆಚೆ ಕುಣಿಯ ಬಳಿ ಕೂಡುತ್ತಿದ್ದ ನನ್ನ ಗೆಳೆಯ. ಈಗ ಅವನಿಗೂ ಮೂರೆಕರೆ ಸ್ವಂತದ್ದಿದೆ. ಇಬ್ಬರು ಹೂಂ ಎಂದಿದ್ದಾರೆ. ಗೆಳೆಯ ಇನ್ನೂ ಏನೂ ಹೇಳಿಲ್ಲ. ಕುಣಿ ಎಷ್ಟು ತೋಡುತ್ತೀರಿ ಎಂದು ಮಾತ್ರ ಕೇಳಿದ. ಒಂದೇ ಎಂದಿದ್ದೇನೆ.