ಫೋನಿನ ವೈದ್ಯವೂ ಸರಕಾರದ ಹೊಣೆಯೂ

2022ರ ನವೆಂಬರ್ ಮೊದಲ ವಾರದಲ್ಲಿ ಹೆರಿಗೆ ನೋವಿನಿಂದ ತುಮಕೂರಿನ ಜಿಲ್ಲಾಸ್ಪತ್ರೆಗೆ ಬಂದ ಒಬ್ಬ ಬಡ ಹೆಣ್ಣುಮಗಳು, ತಾಯಿ ಕಾರ್ಡು ಮತ್ತು ಆಧಾರ್ ಕಾರ್ಡು ಇಲ್ಲವೆಂಬ ಕಾರಣದಿಂದ ಮನೆಗೆ ಹಿಂತಿರುಗಬೇಕಾಯಿತೆಂದು ವರದಿಯಾಯಿತು. ಮನೆಯಲ್ಲಿಯೇ ಹೆರಿಗೆಯಾಗಿ ತಾಯಿಯೂ ಅವಳಿ ಶಿಶುಗಳೂ ತೀರಿಕೊಂಡರು. ಅನಂತರ ಅಮಾನತುಗಳಾದವು, ಮಂತ್ರಿಗಳು ಬಂದುಹೋದರು, ತುರ್ತು ಸಮಯದಲ್ಲಿ ಯಾವ ಕಾಗದವನ್ನೂ ಕೇಳಕೂಡದೆಂದು ಸರಕಾರ ಹೇಳಿತು. ಹೋದ ಮೂರು ಜೀವಗಳು ಹಿಂತಿರುಗಲಿಲ್ಲ.

ಈ ಹಳೆಯ ನೋವನ್ನು ನಾವು ಈಗ ನೆನೆಯುವುದಕ್ಕೆ ಕಾರಣವುಂಟು. 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಮೇರೆಗೆ ಪ್ರತಿಯೊಬ್ಬ ಪ್ರಜೆಗೂ 14 ಅಂಕೆಗಳ ‘ಆಭಾ’ ಸಂಖ್ಯೆ ಕೊಡಲಾಗುತ್ತಿದೆ. ರೋಗಿಯ ಚೀಟಿ, ರಕ್ತಪರೀಕ್ಷೆ, ಔಷಧಗಳ ವಿವರವೆಲ್ಲ ಆ ಸಂಖ್ಯೆಗೆ ಜೋಡಣೆಯಾಗಿ, ಯಾವ ಊರಿನ ಯಾವ ವೈದ್ಯನಾದರೂ ರೋಗಿಯ ಒಪ್ಪಿಗೆ ಪಡೆದು ನೋಡಬಹುದೆಂಬುದು ಯೋಜನೆ. ಕಾಗದದ ಮೇಲೆ ಇದು ಐಚ್ಛಿಕ. ಬೇಡವೆಂದವರಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಆದರೆ ಕಾಗದದ ಮಾತು ಆಸ್ಪತ್ರೆಯ ಕಿಟಕಿಯವರೆಗೆ ಇಳಿದು ಬರುವಷ್ಟರಲ್ಲಿ ಏನಾಗುತ್ತದೆಂಬುದನ್ನು ಈ ಜಿಲ್ಲೆಯ ಜನಕ್ಕೆ ಬೇರೆ ಹೇಳಬೇಕಾಗಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ನಾವು ಯಂತ್ರದ ವಿರೋಧಿಗಳಲ್ಲ. ಫೋನು ಮತ್ತು ತಂತಿಯ ವೈದ್ಯದಿಂದ ಬಡವನಿಗೆ ಆಗಬಹುದಾದ ಉಪಕಾರ ಸಣ್ಣದಲ್ಲ. ಕರ್ನಾಟಕಕ್ಕೆ ಇದು ಹೊಸತೂ ಅಲ್ಲ. 2001-02ರಷ್ಟು ಹಿಂದೆಯೇ ಇಸ್ರೋ ಸಂಸ್ಥೆಯ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. 2022ರ ಅಕ್ಟೋಬರಿನಿಂದ 14416 ಸಂಖ್ಯೆಗೆ ಕರೆ ಮಾಡಿ ಮನಸ್ಸಿನ ಕಾಯಿಲೆಗೆ ಸಲಹೆ ಪಡೆಯಬಹುದು. ಈ ‘ಟೆಲಿ ಮಾನಸ್’ ವ್ಯವಸ್ಥೆಗೆ ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ಹಿರಿಯಣ್ಣ. ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟ ರೈತನು ಊರವರ ಕಣ್ಣಿಗೆ ಬೀಳದೆ ತನ್ನ ಮಾತಿನಲ್ಲಿಯೇ ದುಃಖ ಹೇಳಿಕೊಳ್ಳಬಹುದಾದರೆ ಅದು ಸ್ವಾಗತಾರ್ಹವೇ.

ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ, ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರಕಾರ ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆ. ಎದೆನೋವೆಂದು ಬಂದವನ ಇಸಿಜಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದು ತಂತಿಯಲ್ಲಿ ಕಳುಹಿಸಿದರೆ, ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲಿಯೇ ಪುಕ್ಕಟೆಯಾಗಿ ಕೊಡಲಾಗುತ್ತದೆ. ಹೊರಗೆ ಕೊಂಡರೆ ಅದಕ್ಕೆ ಸಾವಿರಾರು ರೂಪಾಯಿ. ಹೃದಯಾಘಾತದಲ್ಲಿ ಮೊದಲ ಕೆಲವು ಗಂಟೆಗಳೇ ಮುಖ್ಯ. ಹುಳಿಯಾರಿನ ಕಡೆಯ ಕೂಲಿಗಾರನೊಬ್ಬನು ಬೆಂಗಳೂರು ಮುಟ್ಟುವವರೆಗೆ ಅವನ ಹೃದಯ ಕಾಯುವುದಿಲ್ಲ. 2025ರಲ್ಲಿ ನೆರೆಯ ಹಾಸನ ಜಿಲ್ಲೆಯಿಂದ ಸಾಲುಸಾಲಾಗಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಜನ ಗಾಬರಿಯಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಹತ್ತಿರದ ತಾಲ್ಲೂಕು ಆಸ್ಪತ್ರೆಯ ಮೇಲೆ ಜನಕ್ಕೆ ಭರವಸೆಯಿದ್ದಿದ್ದರೆ ಅಷ್ಟು ದೂರ ಏಕೆ ಹೋಗುತ್ತಿದ್ದರು?

ಇಲ್ಲಿಯೇ ವಿಷಯದ ತಿರುಳಿದೆ. ಹೃದಯ ಜ್ಯೋತಿಯಲ್ಲಿ ಪ್ರಾಣ ಉಳಿಸುವುದು ತಂತಿಯೊಂದೇ ಅಲ್ಲ. ಈ ತುದಿಯಲ್ಲಿ ಇಸಿಜಿ ತೆಗೆಯಬಲ್ಲ ದಾದಿ ಬೇಕು, ಬೀರುವಿನಲ್ಲಿ ಇಂಜೆಕ್ಷನ್ ಬೇಕು, ರಾತ್ರಿ ಎರಡು ಗಂಟೆಗೂ ವಿದ್ಯುತ್ತು ಬೇಕು, ಮುಂದಿನ ಆಸ್ಪತ್ರೆಗೆ ಒಯ್ಯಲು ಆಂಬುಲೆನ್ಸ್ ಬೇಕು. ತೆಂಗಿನ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವನನ್ನು ಫೋನಿನಲ್ಲಿ ಎತ್ತಿ ಮಲಗಿಸಲಾಗುವುದಿಲ್ಲ. ವೈದ್ಯರ ಹುದ್ದೆಯನ್ನು ಖಾಲಿ ಬಿಟ್ಟು ಅಲ್ಲಿ ಒಂದು ಪರದೆಯನ್ನು ಕೂರಿಸಿ ಸರಕಾರ ಕೈತೊಳೆದುಕೊಳ್ಳುವುದಾದರೆ, ಅದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ನಮ್ಮ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನೇ ನೋಡಿರಿ. 2014ರಿಂದ ರಾಜ್ಯದ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯ ಮೇರೆಗೆ ಕಂಪ್ಯೂಟರಿನಲ್ಲಿ ಹರಾಜು ಬಂತು. ವ್ಯಾಪಾರಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವ ಕಾಲ ಹೋಯಿತೆಂದು ರೈತರು ಸಂತೋಷಪಟ್ಟರು. ಆ ಯಂತ್ರಕ್ಕೆ ಬೆಲೆ ಬಂದದ್ದು ಅದರ ಹಿಂದೆ ಪ್ರಾಂಗಣ, ತೂಕ, ವರ್ತಕನ ಲೈಸೆನ್ಸು, ಕಾನೂನು ಇದ್ದುದರಿಂದ. ಅದೇ ಕೊಬ್ಬರಿಗೆ 2024ರ ಆರಂಭದಲ್ಲಿ ಬೆಂಬಲ ಬೆಲೆ ಖರೀದಿಯ ನೋಂದಣಿ ನಡೆದಾಗ ಏನಾಯಿತು? ರೈತರು ಸಾಲಿನಲ್ಲಿ ಕಾದು ನಿಂತಿದ್ದಂತೆಯೇ ನಿಗದಿಯಾದ ಪ್ರಮಾಣ ಮುಗಿಯಿತು. ಅಕ್ರಮದ ದೂರುಗಳೆದ್ದು ನೋಂದಣಿಯನ್ನು ಹೊಸದಾಗಿ ಮಾಡಬೇಕಾಯಿತು. ಕಾವಲು ಸಡಿಲವಾದ ಕಡೆ ಯಂತ್ರವು ಬಲಿಷ್ಠನ ಕಡೆಗೇ ವಾಲುತ್ತದೆ. ಕೊಬ್ಬರಿಯಲ್ಲಿ ಹೀಗಾದರೆ ರೈತನಿಗೆ ಹಣ ನಷ್ಟ; ವೈದ್ಯದಲ್ಲಿ ಹೀಗಾದರೆ ಪ್ರಾಣ ನಷ್ಟ.

2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರಿಗೆ ಕೋವಿಡ್ ಲಸಿಕೆ ಬೇಕಾದರೆ ಕೋವಿನ್ ಜಾಲದಲ್ಲಿ ಮೊದಲೇ ಹೆಸರು ಬರೆಸಬೇಕೆಂದು ಕೇಂದ್ರ ಸರಕಾರ ಕಟ್ಟುಮಾಡಿತು. ಸ್ಮಾರ್ಟ್‌ಫೋನು ಇದ್ದವನು ಮನೆಯಲ್ಲಿ ಕುಳಿತು ಸರದಿ ಹಿಡಿದ. ಇಲ್ಲದವನು ಹಿಂದೆ ಬಿದ್ದ. ಸರ್ವೋಚ್ಚ ನ್ಯಾಯಾಲಯವೇ ಈ ಅಂತರವನ್ನು ಎತ್ತಿ ಆಡಿತು. ಜೂನ್ ತಿಂಗಳಲ್ಲಿ ನೇರವಾಗಿ ಬಂದವರಿಗೂ ಲಸಿಕೆ ಹಾಕುವ ಏರ್ಪಾಡಾಯಿತು. ದಿನವೆಲ್ಲ ಕಾಯಿ ಸುಲಿದು ಬೆರಳಿನ ಗೆರೆಗಳೇ ಸವೆದವರು ರೇಷನ್ ಅಂಗಡಿಯಲ್ಲಿ ಪಡುವ ಪಾಡನ್ನು ಕಂಡವರಿಗೆ, ಆಸ್ಪತ್ರೆಯಲ್ಲಿಯೂ ಅದೇ ಬೆರಳು ಒತ್ತುವ ಯಂತ್ರ ಬರುವುದೆಂದರೆ ಹೆದರಿಕೆಯಾಗುವುದು ಸಹಜ.

ಇನ್ನು ಗುಟ್ಟಿನ ಪ್ರಶ್ನೆ. ಒಬ್ಬಳಿಗೆ ಕ್ಷಯ, ಒಬ್ಬನಿಗೆ ಮನೋರೋಗ, ಇನ್ನೊಬ್ಬಳಿಗೆ ಗರ್ಭಪಾತವಾದದ್ದು. ಇವು ಹಳ್ಳಿಯಲ್ಲಿ ಹೊರಬಿದ್ದರೆ ಮದುವೆ ಮುರಿಯುತ್ತದೆ, ಕೂಲಿ ತಪ್ಪುತ್ತದೆ. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ರೋಗಿಯ ದಾಖಲೆಗಳಿಗೆಂದೇ 2018ರಲ್ಲಿ ಒಂದು ಮಸೂದೆಯ ಕರಡು ಹೊರಟಿತು, ಅದು ಕಾನೂನಾಗಲಿಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಕಾಯಿಲೆಯ ವಿವರಕ್ಕೂ ಬಟ್ಟೆ ಅಂಗಡಿಯ ಲೆಕ್ಕಕ್ಕೂ ಆ ಕಾಯಿದೆ ಬೇರೆ ತಕ್ಕಡಿ ಇಟ್ಟಿಲ್ಲ. ಸವಲತ್ತು ಕೊಡುವ ಹೆಸರಿನಲ್ಲಿ ಸರಕಾರ ತಾನೇ ಒಪ್ಪಿಗೆಯಿಲ್ಲದೆ ವಿವರ ಬಳಸಲೂ ಅದರಲ್ಲಿ ದಾರಿಯುಂಟು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಕಳ್ಳರು ಬೀಗ ಜಡಿದಾಗ ಸುಮಾರು ಎರಡು ವಾರ ವೈದ್ಯರು ಕೈಬರಹಕ್ಕೆ ಮರಳಬೇಕಾಯಿತು. ದೇಶದ ದೊಡ್ಡಾಸ್ಪತ್ರೆಯ ಗತಿಯೇ ಇದಾದರೆ ತುರುವೇಕೆರೆಯ ಆಸ್ಪತ್ರೆಯ ಗತಿಯೇನು? ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?

ಇದೇ ಕಾಯಿದೆಯಲ್ಲಿ ಒಂದು ಒಳ್ಳೆಯ ಮಾತೂ ಇದೆ. ಒಪ್ಪಿಗೆ ಕೇಳುವ ತಿಳುವಳಿಕೆ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಹಕ್ಕು ಪ್ರಜೆಗಿದೆ. ಜನರಿಗೆ ತಿಳಿಯದ ಭಾಷೆಯಲ್ಲಿ ನಡೆಯುವ ಆಡಳಿತವು ಜನರ ಆಡಳಿತವಲ್ಲವೆಂದು ಲೋಹಿಯಾರವರು ಬದುಕಿನುದ್ದಕ್ಕೂ ವಾದಿಸಿದರು. ಇಂಗ್ಲಿಷಿನ ಪರದೆಯ ಮೇಲೆ ಅರ್ಥವಾಗದೆ ಒತ್ತಿದ ಬೆರಳು ಒಪ್ಪಿಗೆಯಲ್ಲ, ಅದು ಹೆಬ್ಬೆಟ್ಟಿನ ಸಾಲಪತ್ರ.

ಈ ಅಂಕೆಗಳನ್ನೆಲ್ಲ ತುಂಬುವವರಾರು? ಆಶಾ ಕಾರ್ಯಕರ್ತೆಯರು. ಹಗಲು ಮನೆಮನೆ ಸುತ್ತಿದ ದುಡಿಮೆಯು ಪೋರ್ಟಲಿನಲ್ಲಿ ಏರದಿದ್ದರೆ ಪ್ರೋತ್ಸಾಹಧನ ಇಲ್ಲವಾಗುತ್ತದೆಂದು ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ನಾಲ್ಕು ದಿನ ಧರಣಿ ಕುಳಿತರು. 15,000 ಕೇಳಿದ ಅವರಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಯಂತ್ರದ ತಪ್ಪಿಗೆ ದುಡಿದವಳ ಕೂಲಿ ಕತ್ತರಿಸುವುದು ಯಾವ ನ್ಯಾಯ?

ಖಾಸಗಿ ಕಂಪನಿಗಳ ಮಾತೂ ಇದೆ. ಫೋನಿನ ಮೂಲಕ ಚಿಕಿತ್ಸೆ ಕೊಡುವವರು ನೋಂದಾಯಿತ ವೈದ್ಯರೇ ಆಗಿರಬೇಕು, ಯಂತ್ರಬುದ್ಧಿಯು ತಾನೇ ಔಷಧ ಬರೆದುಕೊಡಕೂಡದು ಎಂದು 2020ರ ಮಾರ್ಚ್ 25ರ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ನಿಯಮ ಚೆನ್ನಾಗಿದೆ; ಅದನ್ನು ಮುರಿದವನ ಮೇಲೆ ದೂರು ಕೊಡಲು ಚಿಕ್ಕನಾಯಕನಹಳ್ಳಿಯ ರೋಗಿ ಎಲ್ಲಿಗೆ ಹೋಗಬೇಕು?

ಆದುದರಿಂದ ನಮ್ಮ ಒತ್ತಾಯಗಳು ಇವು. ಒಂದು, ಆಭಾ ಇಲ್ಲ, ಆಧಾರ್ ಇಲ್ಲ, ಫೋನಿಲ್ಲವೆಂದು ಯಾರಿಗೂ ಚಿಕಿತ್ಸೆ ನಿರಾಕರಿಸಕೂಡದೆಂಬ ಮಾತನ್ನು ಪ್ರತಿಯೊಂದು ಸರಕಾರಿ ಆಸ್ಪತ್ರೆಯ ಬಾಗಿಲಲ್ಲಿ ದಪ್ಪಕ್ಷರದ ಕನ್ನಡದಲ್ಲಿ ಬರೆಸಬೇಕು. ಎರಡು, ಫೋನಿನ ವೈದ್ಯವನ್ನು ತೋರಿಸಿ ವೈದ್ಯರ, ದಾದಿಯರ ಒಂದು ಹುದ್ದೆಯನ್ನೂ ಖಾಲಿ ಬಿಡಕೂಡದು. ಮೂರು, ರೋಗಿಯ ದಾಖಲೆ ರೋಗಿಯ ಸ್ವತ್ತು. ಅದರ ರಕ್ಷಣೆಗೆ ಬೇರೆಯೇ ಕಾನೂನಾಗಬೇಕು, ವಿಮಾ ಕಂಪನಿಗೂ ಔಷಧ ಕಂಪನಿಗೂ ಅದು ಸರಕಾಗಬಾರದು. ನಾಲ್ಕು, ಯಂತ್ರ ಕೆಟ್ಟ ದಿನ ಕೆಲಸ ನಿಲ್ಲದಂತೆ ಕಾಗದದ ಪುಸ್ತಕವೂ ಇರಬೇಕು. ಐದು, ಆಶಾ ಕಾರ್ಯಕರ್ತೆಯ ಸಂಬಳವನ್ನು ಪೋರ್ಟಲಿನಿಂದ ಬಿಡಿಸಬೇಕು. ಆರು, ದೂರು ಕೇಳುವ ಅಧಿಕಾರಿ ತಾಲ್ಲೂಕಿನಲ್ಲಿಯೇ ಇರಬೇಕು.

ನಮ್ಮ ಕಾರ್ಯಕರ್ತರು ಮುಂದಿನ ಗ್ರಾಮಸಭೆಗಳಲ್ಲಿ ಈ ಪ್ರಶ್ನೆಗಳನ್ನೆತ್ತಲಿ. ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳ ಮುಂದೆ ಉತ್ತರ ಕೇಳಲಿ. ಸಂಖ್ಯೆ ಬರೆದುಕೊಳ್ಳಲು ಬಂದವರಿಗೆ ಉಪಚಾರದಿಂದಲೇ, ಇದು ಏಕೆ, ಯಾರು ನೋಡುತ್ತಾರೆ, ಬೇಡವೆಂದರೆ ಏನಾಗುತ್ತದೆ ಎಂದು ಕೇಳುವುದನ್ನು ನಮ್ಮ ತಾಯಂದಿರು ಕಲಿಯಲಿ. ಆಸ್ಪತ್ರೆಯ ಬಾಗಿಲಲ್ಲಿ ನೋವಿನಿಂದ ನಿಂತವಳಿಗೆ ಮೊದಲು ಹಾಸಿಗೆ ಸಿಗಬೇಕು. ಕಾರ್ಡಿನ ಮಾತು ಅವಳು ಎದ್ದು ಕುಳಿತ ಮೇಲಾಗಲಿ.