ತೊಳೆದು ತೀರದ ಕೈ

ಸ್ಮೃತಿಕಾರರು ಶೌಚವನ್ನು ವಿಧಿಸುವಾಗ ಅದಕ್ಕೊಂದು ಎಲ್ಲೆಯನ್ನೂ ಹಾಕಿದ್ದಾರೆಂಬುದನ್ನು ವಾಚಕರಲ್ಲಿ ಅನೇಕರು ಗಮನಿಸಿರಲಿಕ್ಕಿಲ್ಲ. ಹತ್ತಿದ ಹೊಲಸಿನ ವಾಸನೆಯೂ ಜಿಡ್ಡೂ ಹೋಗುವ ವರೆಗೆ ಮಣ್ಣು ನೀರುಗಳಿಂದ ತೊಳೆಯಬೇಕು. ಹೋದ ಮೇಲೆ ಸಾಕು. ಕಾಣದ ದೋಷವು ದೋಷವಲ್ಲವೆಂಬ ಅರ್ಥದ ಮಾತೂ ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಉಂಟು. ಅದು ರೋಗಜಂತುಗಳ ಅರಿವಿಲ್ಲದ ಕಾಲದ ಮಾತು. ಇಂದು ಕಾಣದ್ದಕ್ಕೂ ಸಾಬೂನು ಹಚ್ಚಿ ತೊಳೆಯುತ್ತೇವೆ, ತೊಳೆಯಲೇಬೇಕು. ಆದರೆ ವೈದ್ಯರು ಹೇಳುವದೂ 20 ಸೆಕೆಂಡೇ, ಅಲ್ಲಿಯೂ ಎಲ್ಲೆಯುಂಟು. ಎಲ್ಲೆ ತಪ್ಪಿದಲ್ಲಿ ಅದು ಶೌಚವಲ್ಲ, ವ್ಯಾಧಿ. ಈ ಭೇದವನ್ನು ತಿಳಿಯಲು ನಮಗೆ ಎಂಟು ವರ್ಷ ಹಿಡಿಯಿತು.

ಕರೋಶಿಯ ನಮ್ಮ ಮನೆಗೆ ವೈನಿಯವರೇ ಹಿರಿಯರು. ಅವರ ಆಚಾರ ಮೊದಲಿನಿಂದಲೂ ಬಿಗಿ. ಗಡಿಭಾಗವಾದ್ದರಿಂದ ಕನ್ನಡದವರು ಮಡಿಯೆಂದರು, ಮರಾಠಿಯವರು ಸೋವಳೆಯೆಂದರು. ರೋಗವೆಂದು ಯಾರೂ ಅನ್ನಲಿಲ್ಲ. ಕೈಗೆ ಒಂದು ತಂಬಿಗೆ ಸಾಲುತ್ತಿದ್ದದ್ದು ಕೊಡವಾಯಿತು, ಕೊಡ ಹೋಗಿ ಹಂಡೆಯಾಯಿತು. ಸಂತೆಯಿಂದ ಬಂದ ನೋಟುಗಳು ನೀರಲ್ಲಿ ಮಿಂದು ಹಗ್ಗದ ಮೇಲೆ ಒಣಗಿದವು. ಬೆರಳ ಸಂದುಗಳು ಬಿರಿದು ರಕ್ತ ಒಸರುತ್ತಿತ್ತು. "ಹೊಲಸು ಇಲ್ಲಂತ ನನಗೂ ಗೊತ್ತದ, ಆದರ ಮನಸ್ಸು ಕೇಳವಲ್ದು" ಎಂದು ಒಮ್ಮೆ ಅವರೇ ಅತ್ತರು. ಆ ಮಾತನ್ನಾದರೂ ನಾವು ಸರಿಯಾಗಿ ಕೇಳಿಸಿಕೊಳ್ಳಬೇಕಾಗಿತ್ತು.

ನಮ್ಮ ಪಾಲಿನ ತಪ್ಪನ್ನೂ ಹೇಳಿಬಿಡುವೆವು. ಮನೆಯಲ್ಲಿ ಕಲಹ ಬೇಡವೆಂದು ನೀರು ತುಂಬಿಕೊಟ್ಟವರು ನಾವು. ಬಾಗಿಲ ಚಿಲಕವನ್ನು ಅವರಿಗಾಗಿ ತೆಗೆದವರೂ ನಾವೇ. "ಸ್ವಚ್ಛ ಆಗೇದೇನು?" ಎಂದು ದಿನಕ್ಕೆ ಐವತ್ತು ಸಲ ಕೇಳಿದರೆ ಐವತ್ತು ಸಲವೂ "ಆಗೇದರಿ ವೈನಿ" ಎಂದೆವು. ಇದನ್ನೆಲ್ಲ ದಯೆಯೆಂದೇ ಭಾವಿಸಿದ್ದೆವು. 2020ರಲ್ಲಿ ಕೊರೋನಾ ಬಂದು ಊರಿಗೆ ಊರೇ ಕೈ ತೊಳೆಯತೊಡಗಿದಾಗ ವೈನಿಯವರ ಭಯಕ್ಕೆ ಸರಕಾರದ ಮುದ್ರೆಯೇ ಬಿದ್ದಂತಾಯಿತು. ಮುಂದೆ ಊರಿನ ಅಂಜಿಕೆ ಇಳಿಯಿತು, ಅವರದು ಇಳಿಯಲಿಲ್ಲ. ಒಂದು ಸಂಜೆ ಶಾಲೆಯಿಂದ ಬಂದ ಮೊಮ್ಮಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಂಗಳದಲ್ಲಿಯೇ ನಿಂತ. ಕರೆದರೆ, "ನಾ ಒಳಗ ಬಂದ್ರ ಅಜ್ಜಿ ಅಳ್ತಾಳ" ಎಂದ. ಆ ವಾರವೇ ಧಾರವಾಡಕ್ಕೆ ಹೊರಟೆವು.

ವೈದ್ಯರು ಇದಕ್ಕೆ ಗೀಳುರೋಗವೆಂದರು. ಮುಟ್ಟಿದಾಗ ಭಯವೇರುತ್ತದೆ, ತೊಳೆದೊಡನೆ ಇಳಿಯುತ್ತದೆ. ಆ ಕ್ಷಣದ ನೆಮ್ಮದಿಯೇ ಮುಂದಿನ ತೊಳೆತಕ್ಕೆ ಬೀಜ. ತೊಳೆಯದೆ ಕುಳಿತರೂ ಭಯವು ತಾನಾಗಿ ಇಳಿಯುವದೆಂಬುದನ್ನು ರೋಗಿಯು ಅನುಭವದಿಂದಲೇ ಕಲಿಯಬೇಕು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬವರು ಪ್ರಕಟಿಸಿದ ಕ್ರಮದಿಂದ ಬೆಳೆದು ಬಂದ ಚಿಕಿತ್ಸೆಯಿದು. ಜತೆಗೆ ಔಷಧವುಂಟು, ಅದರ ಗುಣ ಚೆನ್ನಾಗಿ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದೊಂದಕ್ಕೇ ಪ್ರತ್ಯೇಕ ಚಿಕಿತ್ಸಾವಿಭಾಗವಿದೆ. ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಸಮೀಪ. ಹೋಗಲು ಸಂಕೋಚವೆನಿಸಿದವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ, ಅಂದರೆ 14416ಕ್ಕೆ, ದೂರವಾಣಿ ಮಾಡಿ ಕನ್ನಡದಲ್ಲಿಯೇ ಕೇಳಬಹುದು, ಖರ್ಚಿಲ್ಲ.

ನಮಗೆ ಹೇಳಿದ್ದು ಬೇರೆ: ನೀರು ಹೊತ್ತು ಕೊಡಬೇಡಿರಿ, ಸ್ವಚ್ಛವಾಯಿತೆಂದು ಭರವಸೆ ಕೊಡಬೇಡಿರಿ, ಬೈಯಲೂ ಬೇಡಿರಿ, ಒಮ್ಮೆಲೇ ಬೇಡ, ಅವರ ಒಪ್ಪಿಗೆಯಿಂದ ಮೆಟ್ಟಲು ಮೆಟ್ಟಲಾಗಿ. ಮೂವತ್ತು ವರ್ಷ ಹುಡುಗರ ಪ್ರಶ್ನೆಗಳಿಗೆ ಉತ್ತರ ಹೇಳಿದವರಿಗೆ ಒಂದು ಪ್ರಶ್ನೆಗೆ ಸುಮ್ಮನಿರುವದು ಎಷ್ಟು ಕಠಿಣವೆಂದು ಆಗ ತಿಳಿಯಿತು. ಮೊದಲ ದಿನ ಚಿಲಕ ಮುಟ್ಟಿ ವೈನಿಯವರು ಮುಕ್ಕಾಲು ಗಂಟೆ ನಡುಗುತ್ತ ಕುಳಿತರು. ನಾವು ಎದುರಿಗೆ ಕುಳಿತೆವು. ತಿಂಗಳುಗಳು ಕಳೆದು ಹಂಡೆ ಮತ್ತೆ ಕೊಡಕ್ಕೆ ಇಳಿಯಿತು.

ಪೂರ್ಣ ಗುಣವಾಯಿತೆನ್ನಲಾರೆವು. ಕಳೆದ ವಾರ ಮೊಮ್ಮಗ ಆಟದ ಧೂಳಿನೊಡನೆಯೇ ಓಡಿ ಬಂದು ಅವರ ಕೈ ಹಿಡಿದ. ವೈನಿಯವರು ಬಚ್ಚಲ ಕಡೆಗೆ ನೋಡಿದರು, ಬಳಿಕ ನಮ್ಮತ್ತ ನೋಡಿದರು. ನಾವು ಏನೂ ಹೇಳಲಿಲ್ಲ. ತುಸು ಹೊತ್ತಿನ ಮೇಲೆ ಹುಡುಗನ ಕೈ ಬಿಡದೆಯೇ, "ಚಹಾ ಮಾಡ್ಲೇನು?" ಎಂದರು.